ಹಿಮ್ಮಡಿ ಮೂಳೆಯ ಆಪರೇಷನ್ ಆಗಿದೆ, ಕಾಲು ಯಾವಾಗ ಊರಬಹುದು?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ನಮ್ಮ ಯಜಮಾನರಿಗೆ 44 ವರ್ಷ. ಅಡಿಕೆ ಬೇಯಿಸುವ ಶೆಡ್ಡಿನ ತಗಡು ಸರಿ ಮಾಡಲು ಹತ್ತಿದ್ದರು. ಏಣಿ ಜಾರಿ ನೆಟ್ಟಗೆ ಕಾಲ ಮೇಲೆ ಬಿದ್ದರು. ಬಲಗಾಲಿನ ಹಿಮ್ಮಡಿ ಮೂಳೆ ಚೂರಾಗಿತ್ತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಈಗ ಐದು ವಾರ ಆಯಿತು. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ. ಆದರೆ ಬಾವು ಇಳಿದಿಲ್ಲ, ಕಾಲು ಇಳಿಬಿಟ್ಟರೆ ನೀಲಿ ಆಗುತ್ತದೆ. ಕಿರುಬೆರಳಿನ ಕಡೆ ಜೋಮು ಹಿಡಿದ ಹಾಗಿದೆಯಂತೆ. ಕಾಲು ಊರಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆ ಇವರು ಹೆದರಿ ಬೆರಳನ್ನೂ ಅಲ್ಲಾಡಿಸುವುದಿಲ್ಲ. ಮಲಗಿ ಮಲಗಿ ಸೊಂಟವೂ ಹಿಡಿದುಕೊಂಡಿದೆ. ನಮ್ಮ ಮಾವನವರು ಆಪರೇಷನ್ನೇ ಬೇಕಿರಲಿಲ್ಲ, ಈಗಲಾದರೂ ನಾಟಿ ಎಣ್ಣೆ ತಿಕ್ಕಿಸಿ ಕಟ್ಟು ಹಾಕಿಸೋಣ ಅನ್ನುತ್ತಾರೆ. ಇವರಿಗೆ ಸ್ವಲ್ಪ ಸಕ್ಕರೆ ಕಾಯಿಲೆ ಇದೆ, ಬೀಡಿ ಸೇದುತ್ತಾರೆ. ಯಾವಾಗ ನಡೆಯಬಹುದು? ತೋಟಕ್ಕೆ ಹೋಗುವುದು, ಬೈಕ್ ಓಡಿಸುವುದು ಯಾವಾಗ? ಪ್ಲೇಟು ತೆಗೆಸಬೇಕಾ?

ಉತ್ತರ: ಮೊದಲು ಒಂದು ಗೊಂದಲ ಬಿಡಿಸೋಣ. ಕಾಲಿಗೆ ಭಾರ ಹಾಕುವುದು ಬೇರೆ, ಕಾಲನ್ನು ಆಡಿಸುವುದು ಬೇರೆ. ನಿಮ್ಮ ಡಾಕ್ಟರು ಬೇಡ ಅಂದಿರುವುದು ಭಾರವನ್ನು. ನಾನು ನೋಡುವ ಹಿಮ್ಮಡಿ ಪೇಷೆಂಟುಗಳಲ್ಲಿ ಎರಡು ಥರದವರು ಜಾಸ್ತಿ. ಕೆಲವರು ನೋವು ಕಮ್ಮಿ ಆಯ್ತಲ್ಲ ಅಂತ ನಾಲ್ಕನೇ ವಾರಕ್ಕೇ ಬಚ್ಚಲುಮನೆಗೆ ಕಾಲೂರಿಕೊಂಡು ಹೋಗುತ್ತಾರೆ. ಇನ್ನು ಕೆಲವರು ನಿಮ್ಮ ಯಜಮಾನರ ಹಾಗೆ. ಮೂರು ತಿಂಗಳು ಹೆಬ್ಬೆರಳೂ ಅಲ್ಲಾಡದಂತೆ ಕಾಲನ್ನು ದಿಂಬಿನ ಮೇಲಿಟ್ಟು ಕಾಯುತ್ತಾರೆ. ಮೊದಲನೆಯವರಿಗೆ ಕೂಡುತ್ತಿರುವ ಮೂಳೆ ಕುಸಿಯುವ ಭಯ. ಎರಡನೆಯವರಿಗೆ ಎಕ್ಸ್-ರೇ ಚೆನ್ನಾಗಿ ಬರುತ್ತದೆ, ಆದರೆ ಪಾದ ಮರಗಟ್ಟಿರುತ್ತದೆ. ನಡೆಯಲು ಶುರು ಮಾಡಿದ ದಿನ ಅಳುವವರು ಇವರೇ.

ಹಿಮ್ಮಡಿಯಲ್ಲಿ ಇಷ್ಟು ಎಚ್ಚರ ಯಾಕೆ ಅಂದರೆ ಆ ಮೂಳೆಯೇ ಬೇರೆ ಥರ. ಕೈಕಾಲಿನ ಉದ್ದ ಮೂಳೆಗಳಿಗೆ ದಪ್ಪ ಗೋಡೆ ಇರುತ್ತದೆ. ಹಿಮ್ಮಡಿ ಮೂಳೆಗೆ ಹೊರಗೊಂದು ತೆಳು ಚಿಪ್ಪು, ಒಳಗೆಲ್ಲ ನಮ್ಮ ದಾವಣಗೆರೆ ಮಂಡಕ್ಕಿಯ ಹಾಗೆ ಹಗುರ, ಪೊಳ್ಳು. ಎತ್ತರದಿಂದ ಕಾಲ ಮೇಲೆ ಬಿದ್ದಾಗ ಇಡೀ ಮೈಭಾರ ಮೇಲಿನ ಮೂಳೆಯ ಮೂಲಕ ಇಳಿದು ಇದನ್ನು ಜಜ್ಜುತ್ತದೆ. ಆಪರೇಷನ್‌ನಲ್ಲಿ ಕುಸಿದ ಭಾಗವನ್ನು ಎತ್ತಿ, ಕೀಲಿನ ಮೇಲ್ಮೈ ಸಮ ಮಾಡಿ, ಪಕ್ಕದಲ್ಲಿ ಪ್ಲೇಟು ಇಟ್ಟು ಸ್ಕ್ರೂ ಬಿಗಿಯುತ್ತೇವೆ. ಜಜ್ಜಿದ್ದನ್ನು ಎತ್ತಿದ ಮೇಲೆ ಒಳಗೆ ಒಂದು ಖಾಲಿ ಜಾಗ ಉಳಿಯುತ್ತದೆ. ಅದು ಹೊಸ ಮೂಳೆಯಿಂದ ತುಂಬಿಕೊಳ್ಳಲು ವಾರಗಳು ಬೇಕು. ಅಲ್ಲಿಯವರೆಗೆ ಪ್ಲೇಟು, ಸ್ಕ್ರೂಗಳೇ ಮೂಳೆಯನ್ನು ಹಿಡಿದುಕೊಂಡಿರುತ್ತವೆ. ಅವು ಇರುವುದು ಮೂಳೆಯ ಆಕಾರ ಕಾಯಲು. ಮೈಭಾರ ಹೊರುವುದು ಅವುಗಳಿಂದ ಆಗುವ ಕೆಲಸವಲ್ಲ. ಈಗಲೇ 60–70 ಕೆಜಿ ಹಾಕಿದರೆ ಸ್ಕ್ರೂ ಸಡಿಲವಾಗಬಹುದು, ಎತ್ತಿಟ್ಟ ಕೀಲು ಮತ್ತೆ ಕುಸಿಯಬಹುದು. ಆಗ ಎರಡನೇ ಸಲ ಸರಿ ಮಾಡುವುದು ತುಂಬಾ ಕಷ್ಟ.

ಹಾಗಾಗಿ ಐದನೇ ವಾರದಲ್ಲಿ ಒಂದು ಹೆಜ್ಜೆಯೂ ಬೇಡ. ರಾತ್ರಿ ನಿದ್ದೆಗಣ್ಣಿನಲ್ಲೂ ಬೇಡ. ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಒಂದು ಎಕ್ಸ್-ರೇ ತೆಗೆಯುತ್ತಾರೆ. ಮೂಳೆ ಕೂಡುತ್ತಿರುವ ಗುರುತು ಕಂಡರೆ ಸ್ವಲ್ಪ ಸ್ವಲ್ಪ ಭಾರಕ್ಕೆ ಒಪ್ಪಿಗೆ ಸಿಗುತ್ತದೆ. ತುಂಬಾ ಚೂರಾಗಿದ್ದರೆ ಹತ್ತು ಹನ್ನೆರಡು ವಾರ ಕಾಯಿಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ನೂ ನಿಧಾನ. ಪೂರ್ತಿ ಭಾರ ಹಾಕಿ ನಡೆಯುವುದು ಹೆಚ್ಚಿನವರಿಗೆ ಮೂರು ತಿಂಗಳ ಆಚೀಚೆ. ಈ ಲೆಕ್ಕ ಅಂದಾಜಿನದು. ನಾನು ಅವರ ಎಕ್ಸ್-ರೇ ನೋಡಿಲ್ಲ. ಆಪರೇಷನ್ ಮಾಡಿದವರು ಒಳಗಿನ ಮೂಳೆಯನ್ನು ಕಣ್ಣಾರೆ ನೋಡಿರುತ್ತಾರೆ. ನನ್ನ ಲೆಕ್ಕಕ್ಕೂ ಅವರ ಮಾತಿಗೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ.

ಇನ್ನು ಆಡಿಸುವ ವಿಷಯಕ್ಕೆ ಬರೋಣ. ಈಗ ನಿಮ್ಮ ಕೈಯಲ್ಲಿ ಇರುವುದು ಇದೊಂದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪಾದದಲ್ಲಿ ಎರಡು ಕೀಲುಗಳ ಬಗ್ಗೆ ತಿಳಿದಿರಲಿ. ಮೇಲಿನದು ಹರಡಿನ ಕೀಲು, ಪಾದವನ್ನು ಮೇಲೆ ಕೆಳಗೆ ಮಾಡುತ್ತದೆ. ಅದರ ಕೆಳಗೆ ಹಿಮ್ಮಡಿ ಮೂಳೆಗೂ ಅದರ ಮೇಲಿನ ಮೂಳೆಗೂ ನಡುವೆ ಇನ್ನೊಂದು ಕೀಲು ಇದೆ. ಅದು ಪಾದವನ್ನು ಒಳಗೆ, ಹೊರಗೆ ವಾಲಿಸುತ್ತದೆ. ಕಲ್ಲಿನ ಮೇಲೆ, ಬದುವಿನ ಮೇಲೆ, ಉತ್ತ ಹೊಲದಲ್ಲಿ ಕಾಲಿಟ್ಟಾಗ ಪಾದ ನೆಲಕ್ಕೆ ತಕ್ಕಂತೆ ಹೊಂದಿಕೊಳ್ಳುವುದು ಈ ಕೆಳಗಿನ ಕೀಲಿನಿಂದ. ನಿಮ್ಮ ಯಜಮಾನರಿಗೆ ಒಡೆದಿರುವುದು ಹೆಚ್ಚುಕಮ್ಮಿ ಇದರ ನೆಲವೇ. ಆಫೀಸಿನಲ್ಲಿ ಕೂರುವವರಿಗೆ ಈ ಕೀಲು ಸ್ವಲ್ಪ ಬಿಗಿದರೂ ನಡೆಯುತ್ತದೆ. ತೋಟದವರಿಗೆ ಹಾಗಲ್ಲ.

ಗಾಯ ಒಣಗಿದೆ, ಹೊಲಿಗೆ ಬಿಚ್ಚಿದ್ದಾರೆ ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಈ ಹಂತದಲ್ಲಿ ಪಾದ ಆಡಿಸಲು ಒಪ್ಪಿಗೆ ಇರುತ್ತದೆ. ಒಂದು ಫೋನ್ ಮಾಡಿ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ, ಇವತ್ತೇ ಶುರು ಮಾಡಿಸಿ. ಮೊದಲು ಪಾದವನ್ನು ತನ್ನ ಮುಖದ ಕಡೆಗೆ ಎಳೆದುಕೊಳ್ಳುವುದು, ಆಮೇಲೆ ಕೆಳಗೆ ಒತ್ತುವುದು. ನಿಧಾನವಾಗಿ ಇಪ್ಪತ್ತು ಸಲ. ದಿನಕ್ಕೆ ನಾಲ್ಕೈದು ಬಾರಿ. ಆಮೇಲೆ ಹೆಬ್ಬೆರಳನ್ನೇ ಬಳಪ ಅಂದುಕೊಂಡು ಗಾಳಿಯಲ್ಲಿ ಅಕ್ಷರ ಬರೆಯುವುದು. ಇಂಗ್ಲಿಷ್ ಎ ಬಿ ಸಿ ಡಿ ಬರೆಸುವವರಿದ್ದಾರೆ. ನಾನು ಅ ಆ ಇ ಈ ಬರೆಸುತ್ತೇನೆ. ನಮ್ಮ ಅಕ್ಷರಗಳೆಲ್ಲ ದುಂಡಗೆ, ಪಾದ ಎಲ್ಲ ದಿಕ್ಕಿಗೂ ತಿರುಗಲೇಬೇಕು. ‘ಋ’ ಬರೆಯುವಾಗ ಎಲ್ಲರೂ ಒದ್ದಾಡುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಯಾವ ಅಕ್ಷರ ಅಂತ ಅವರ ಕೈಲಿ ಹೇಳಿಸಿ. ಅವರಿಗೂ ಆಟ, ಅಪ್ಪನಿಗೂ ವ್ಯಾಯಾಮ.

ಮೂರನೆಯದು ಪಾದದ ಅಡಿ ಒಂದು ಸಲ ಒಳಗೆ, ಒಂದು ಸಲ ಹೊರಗೆ ನೋಡುವಂತೆ ವಾಲಿಸುವುದು. ಮೊದಮೊದಲು ಏನೂ ಅಲ್ಲಾಡುತ್ತಿಲ್ಲ ಅನ್ನಿಸುತ್ತದೆ. ಬಿಡಬೇಡಿ. ತಾನೇ ಎಷ್ಟು ಆಡಿಸಬಲ್ಲರೋ ಅಷ್ಟೇ ಸಾಕು, ಬೇರೆ ಯಾರೂ ಹಿಡಿದು ತಿರುಚಬಾರದು. ಬೆರಳುಗಳಲ್ಲಿ ಟವೆಲ್ ಮುದುರಿ ಎಳೆದುಕೊಳ್ಳುವುದೂ ಒಳ್ಳೆಯದು. ಇದರ ಜೊತೆ ಮೊಣಕಾಲು ಮಡಿಸದೆ ಕಾಲನ್ನು ಗೇಣುದ್ದ ಎತ್ತಿ ಇಳಿಸಲಿ. ಎರಡು ತಿಂಗಳು ಸುಮ್ಮನೆ ಇಟ್ಟ ಕಾಲಿನ ತೊಡೆ, ಮೀನಖಂಡ ಕಣ್ಣಿಗೆ ಕಾಣುವಷ್ಟು ಸೊರಗುತ್ತವೆ. ಆಡಿಸುವಾಗ ಎಳೆತ, ಸಣ್ಣ ನೋವು ಇರುತ್ತದೆ. ಅರ್ಧ ಗಂಟೆಯಲ್ಲಿ ಅದು ತಣ್ಣಗಾದರೆ ಸರಿ. ರಾತ್ರಿಯೆಲ್ಲ ಸಿಡಿದರೆ ಮರುದಿನ ಅರ್ಧಕ್ಕೆ ಇಳಿಸಿ.

ನೀಲಿ ಬಣ್ಣದ ಬಗ್ಗೆ ಹೆದರಿದ್ದೀರಿ. ಹೆಚ್ಚಿನವರು ಹೆದರುತ್ತಾರೆ. ಕೆಳಗಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಅದು ವಾರಗಟ್ಟಲೆ ಕೆಲಸ ಮಾಡಿಲ್ಲ. ಕಾಲು ಇಳಿಬಿಟ್ಟ ಕೂಡಲೇ ರಕ್ತ ಪಾದದಲ್ಲಿ ನಿಲ್ಲುತ್ತದೆ, ಬಣ್ಣ ತಿರುಗುತ್ತದೆ. ಎತ್ತಿಟ್ಟ ಕೆಲವೇ ನಿಮಿಷದಲ್ಲಿ ಮಾಮೂಲಿ ಬಣ್ಣಕ್ಕೆ ಬಂದರೆ ಚಿಂತೆ ಇಲ್ಲ. ಬಾವು ಅಂತೂ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಸಂಜೆ ಹೊತ್ತಿಗೆ ಬಂದು ಹೋಗುತ್ತದೆ. ಬೆಳಗ್ಗೆ ಕಮ್ಮಿ, ಸಂಜೆ ಜಾಸ್ತಿ ಅಂದರೆ ಅದು ಮಾಮೂಲಿ ಬಾವು.

ಕಾಲು ಎತ್ತಿಡುವುದರಲ್ಲೂ ಒಂದು ಕ್ರಮ ಇದೆ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಇಟ್ಟರೆ ಪೂರ್ತಿ ಪ್ರಯೋಜನ ಇಲ್ಲ. ಪಾದ ಎದೆಗಿಂತ ಮೇಲಿರಬೇಕು. ಅಂದರೆ ಮಲಗಿ, ಎರಡು ದಿಂಬಿನ ಮೇಲೆ. ದಿಂಬು ಮೀನಖಂಡದ ಕೆಳಗೆ ಬರಲಿ, ಹಿಮ್ಮಡಿ ಗಾಳಿಯಲ್ಲಿ ಇರಲಿ. ಹಿಮ್ಮಡಿಯೇ ದಿಂಬಿಗೆ ಒತ್ತಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಅದರಲ್ಲೂ ಸಕ್ಕರೆ ಇರುವವರಿಗೆ, ಜೋಮು ಇರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಐಸ್ ಇಡಬಹುದು. ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ, ಅಷ್ಟೇ.

ಕೆಲವು ಲಕ್ಷಣ ಮಾತ್ರ ಕಾಯುವಂಥದ್ದಲ್ಲ. ಗಾಯದ ಸುತ್ತ ಕೆಂಪಾಗಿ ಬಿಸಿಯಾಗುವುದು, ಒಣಗಿದ ಗಾಯ ಮತ್ತೆ ಒಸರುವುದು, ಜ್ವರ: ಇವು ಸೋಂಕು. ಹಿಮ್ಮಡಿಯ ಹೊರಬದಿಯಲ್ಲಿ ಚರ್ಮ ತೆಳು, ಅದರ ಕೆಳಗೇ ಪ್ಲೇಟು. ಸೋಂಕು ಮೂಳೆ ಮುಟ್ಟಲು ದೂರ ಇಲ್ಲ. ಮೀನಖಂಡ ಗಟ್ಟಿಯಾಗಿ ಊದಿ, ಮುಟ್ಟಿದರೆ ನೋವಾದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆ ಎದೆನೋವು, ಉಸಿರಾಟದ ತೊಂದರೆ ಕಂಡರೆ ಚನ್ನಗಿರಿಯೋ ದಾವಣಗೆರೆಯೋ ಅಂತ ಚರ್ಚೆ ಬೇಡ, 108ಕ್ಕೆ ಫೋನ್ ಮಾಡಿ. ಇನ್ನೊಂದು ಅಪರೂಪದ್ದು ಇದೆ. ಪಾದ ಉರಿ ಉರಿ ಅನ್ನುವುದು, ಹೊದಿಕೆ ತಾಕಿದರೂ ಸಹಿಸಲಾಗದಿರುವುದು, ಚರ್ಮ ಮಿರಿಮಿರಿ ಹೊಳೆದು ಬೆವರುವುದು. ಅದು ನರಗಳ ತೊಂದರೆ. ಬೇಗ ತೋರಿಸಿದರೆ ಹತೋಟಿಗೆ ಬರುತ್ತದೆ. ನೋವು ತಡೆಯಲಾರದವರು ಅಂತ ಮನೆಯವರು ತಮಾಷೆ ಮಾಡಿ ತಡ ಮಾಡುತ್ತಾರೆ.

ಬೀಡಿ ವಿಷಯಕ್ಕೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಅವರಿಗೇ ಓದಿ ಹೇಳಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಿಮ್ಮಡಿಯ ಚರ್ಮಕ್ಕೆ ರಕ್ತ ಬರುವುದೇ ಅಂಥ ಸಣ್ಣ ನಾಳಗಳಿಂದ. ಈ ಆಪರೇಷನ್ ಆದ ಮೇಲೆ ಗಾಯ ಬಿಟ್ಟುಕೊಳ್ಳುವುದು, ಕೊಳೆಯುವುದು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ಇವರು ಎರಡೂ ಹೌದು. ಐದು ವಾರಕ್ಕೆ ಗಾಯ ಒಣಗಿರುವುದು ಅದೃಷ್ಟ ಅಂತಲೇ ತಿಳಿಯಿರಿ. ಮೂಳೆ ಕೂಡುವುದಕ್ಕೂ ಅದೇ ರಕ್ತ ಬೇಕು. ಬೀಡಿ ಬಿಟ್ಟು ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುತ್ತೇನೆ ಅಂದರೆ ಅದರಲ್ಲೂ ನಿಕೋಟಿನ್ ಇದೆ, ಲೆಕ್ಕ ಒಂದೇ. ಇನ್ನು ‘ಸ್ವಲ್ಪ ಸಕ್ಕರೆ’ ಅನ್ನುವುದು ಯಾವ ಲೆಕ್ಕವೂ ಅಲ್ಲ. ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 7ರ ಆಸುಪಾಸಿಗೆ ಬರುವ ಹಾಗೆ ಮಾತ್ರೆಯನ್ನು ನಿಮ್ಮ ಡಾಕ್ಟರು ಹೊಂದಿಸುತ್ತಾರೆ.

ಮಾವನವರ ಮಾತಿಗೆ ಬರುತ್ತೇನೆ. ಅವರ ಕಾಲದಲ್ಲಿ ಮೂಳೆ ಮುರಿದರೆ ನಾಟಿ ಕಟ್ಟೇ ಇದ್ದದ್ದು. ಚಿತ್ರದುರ್ಗ, ಚಳ್ಳಕೆರೆ ಕಡೆಯಿಂದ ಇವತ್ತಿಗೂ ಆಂಧ್ರದ ಪುತ್ತೂರಿಗೆ ಕಟ್ಟು ಹಾಕಿಸಲು ಹೋಗುವವರಿದ್ದಾರೆ. ಅವರ ನಂಬಿಕೆಯನ್ನು ಹೀಯಾಳಿಸಿ ಪ್ರಯೋಜನ ಇಲ್ಲ. ಆದರೆ ಇಲ್ಲಿ ಮೂಳೆಯನ್ನು ಆಗಲೇ ಕೂಡಿಸಿ ಬಿಗಿದಾಗಿದೆ. ಹೊರಗಿನಿಂದ ಬಿಗಿಯಾಗಿ ಕಟ್ಟಿದರೆ ಪ್ಲೇಟಿಗೂ ಕಟ್ಟಿಗೂ ನಡುವೆ ತೆಳು ಚರ್ಮ ಸಿಕ್ಕಿಕೊಂಡು ರಕ್ತ ಸಿಗದೆ ಸಾಯುತ್ತದೆ. ಜೋರಾಗಿ ತಿಕ್ಕುವುದು, ಎಳೆಯುವುದು ಇನ್ನೂ ಅಪಾಯ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿಗೆ ಕಾವು ಕೊಡುವುದು ನಮ್ಮ ಕಡೆ ಮನೆಮನೆಯ ಮದ್ದು. ಜೋಮು ಇರುವ ಪಾದಕ್ಕೆ ಅದು ಬೇಡವೇ ಬೇಡ. ಬಿಸಿ ಗೊತ್ತಾಗದೆ ಬೊಕ್ಕೆ ಏಳುತ್ತದೆ. ಹಿರಿಯರಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ, ಗಾಯದ ಕಲೆ ಪೂರ್ತಿ ಗಟ್ಟಿಯಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬೆರಳ ತುದಿಯಿಂದ ಕಲೆಯನ್ನು ಮೆಲ್ಲಗೆ ಐದು ನಿಮಿಷ ನೀವಲಿ. ಚರ್ಮ ಒಳಗಿನ ಪದರಕ್ಕೆ ಅಂಟಿಕೊಳ್ಳದಿರಲು ಅದು ನಿಜವಾಗಿ ಸಹಾಯ ಮಾಡುತ್ತದೆ. ಮಾವನವರ ಮನಸ್ಸಿಗೂ ಸಮಾಧಾನ.

ಆಪರೇಷನ್ ಬೇಕಿರಲಿಲ್ಲ ಅನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ. 2014ರಲ್ಲಿ ಬ್ರಿಟನ್ನಿನ ವೈದ್ಯರು 151 ಹಿಮ್ಮಡಿ ಪೇಷೆಂಟುಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ ಬಂತು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಇಲ್ಲ. ಎರಡು ವರ್ಷದ ನಂತರ ನೋವು, ಓಡಾಟ ಎರಡರಲ್ಲೂ ಸರಾಸರಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತೊಡಕುಗಳು ಆಪರೇಷನ್ ಆದವರಲ್ಲೇ ಜಾಸ್ತಿ ಇದ್ದವು. ಆದರೆ ಹಿಮ್ಮಡಿಯ ಆಕಾರವೇ ತೀರಾ ಕೆಟ್ಟವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅಂಥವರನ್ನು ಹಾಗೇ ಬಿಟ್ಟರೆ ಹಿಮ್ಮಡಿ ಅಗಲವಾಗಿ, ಕುಳ್ಳಗಾಗಿ, ಹರಡಿನ ಹೊರಗಿನ ಮೂಳೆಗೆ ತಿಕ್ಕಾಡುತ್ತದೆ. ಆದ್ದರಿಂದ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ಸಿಟಿ ಸ್ಕ್ಯಾನ್ ನೋಡಿ, ಮನುಷ್ಯನನ್ನೂ ನೋಡಿ ತೀರ್ಮಾನ ಮಾಡುವ ವಿಷಯ. ನಿಮ್ಮ ಮನೆಯಲ್ಲಿ ಅದು ಮುಗಿದ ಅಧ್ಯಾಯ. ಆಗಿರುವ ಆಪರೇಷನ್‌ನ ಫಲ ಉಳಿಸಿಕೊಳ್ಳುವುದಷ್ಟೇ ಈಗಿನ ಕೆಲಸ.

ಭಾರ ಹಾಕಲು ಒಪ್ಪಿಗೆ ಸಿಗುವವರೆಗೆ ಮನೆಯೊಳಗೆ ಓಡಾಡುವುದು ಹೇಗೆ? ವಾಕರ್ ಒಳ್ಳೆಯದು. ಕಂಕುಳ ಕೋಲು ಬಳಸುವುದಾದರೆ ಕೋಲಿನ ತಲೆಗೂ ಕಂಕುಳಿಗೂ ಎರಡು ಮೂರು ಬೆರಳು ಅಂತರ ಇರಲಿ. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲೇ ಜೋತುಬಿದ್ದರೆ ನರ ಒತ್ತಿ ಕೈ ಮರಗಟ್ಟುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮೊದಲು. ಹೊಸ್ತಿಲು ಎತ್ತರ ಇರುವ ಹಳೇ ಮನೆಗಳಲ್ಲಿ ಬೀಳುವುದು ಅಲ್ಲೇ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿಯೇ ಸ್ನಾನ ಮಾಡಿಸಿ. ನೆಲದ ಕಕ್ಕಸಾದರೆ ಮೆಡಿಕಲ್ ಸ್ಟೋರಿನಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಒಂಟಿ ಕಾಲಲ್ಲಿ ಕುಕ್ಕರಗಾಲು ಹಾಕುವ ಸಾಹಸ ಬೇಡ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ಅಭ್ಯಾಸ ಇದೆಯಾ? ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ. ಹಾಗೆ ಕೂತಾಗ ಹರಡಿನ ಹೊರಬದಿ ನೆಲಕ್ಕೆ ಒತ್ತುತ್ತದೆ. ಹೊಲಿಗೆಯ ಕಲೆ, ಪ್ಲೇಟು ಎರಡೂ ಇರುವುದು ಆ ಬದಿಯಲ್ಲೇ. ಪಾದವೂ ಒಳಗೆ ತಿರುಚಿಕೊಳ್ಳುತ್ತದೆ. ಇನ್ನೂ ಕೆಲವು ತಿಂಗಳು ಟೇಬಲ್ಲು ಕುರ್ಚಿಯೇ ಇರಲಿ. ಆಮೇಲೆ ಕೂತರೂ ದಪ್ಪ ಜಮಖಾನ ಹಾಸಿ.

ಭಾರ ಹಾಕಲು ಒಪ್ಪಿಗೆ ಸಿಕ್ಕ ಮೇಲೆ ‘ಸ್ವಲ್ಪ ಸ್ವಲ್ಪ ಊರಿ’ ಅನ್ನುತ್ತಾರೆ. ಸ್ವಲ್ಪ ಅಂದರೆ ಎಷ್ಟು? ಮನೆಯಲ್ಲಿ ತೂಕ ನೋಡುವ ಯಂತ್ರ ಇದ್ದರೆ ಗೊತ್ತಾಗುತ್ತದೆ. ವಾಕರ್ ಹಿಡಿದು ನಿಂತು, ಒಳ್ಳೆಯ ಕಾಲನ್ನು ಅಷ್ಟೇ ಎತ್ತರದ ಹಲಗೆಯ ಮೇಲಿಟ್ಟು, ಆಪರೇಷನ್ ಆದ ಕಾಲನ್ನು ಯಂತ್ರದ ಮೇಲಿಡಲಿ. ಮುಳ್ಳು 15–20 ಕೆಜಿ ತೋರಿಸುವಷ್ಟು ಒತ್ತಲಿ. ಆ ಒತ್ತಡ ಕಾಲಿಗೆ ಹೇಗನ್ನಿಸುತ್ತದೆ ಅಂತ ನೆನಪಿಟ್ಟುಕೊಂಡು ಅಷ್ಟೇ ಹಾಕಿ ನಡೆಯಲಿ. ವಾರ ವಾರ ಡಾಕ್ಟರು ಹೇಳಿದಷ್ಟು ಏರಿಸಲಿ. ಸಕ್ಕರೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ನೋವನ್ನು ನಂಬಿ ಭಾರ ಅಳೆಯಲು ಆಗುವುದಿಲ್ಲ. ಅವರಿಗೆ ಈ ಯಂತ್ರ ಇನ್ನೂ ಮುಖ್ಯ. ಪೂರ್ತಿ ಭಾರಕ್ಕೆ ಬಂದ ಮೇಲೆ ಒಂದೇ ಕೋಲು ಸಾಕು. ಅದು ಎಡಗೈಯಲ್ಲಿ ಇರಬೇಕು, ಬಲಗಾಲಿನ ಪಕ್ಕದ ಕೈಯಲ್ಲಲ್ಲ. ಹತ್ತರಲ್ಲಿ ಎಂಟು ಜನ ಇದನ್ನು ಉಲ್ಟಾ ಹಿಡಿಯುತ್ತಾರೆ ಅಂತ ನನ್ನ ಅಂದಾಜು.

ಮೊದಲ ಹೆಜ್ಜೆಗಳು ನಿರಾಸೆ ತರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಅಡಿಹಿಮ್ಮಡಿಯಲ್ಲಿ ಮೆತ್ತನೆಯ ಕೊಬ್ಬಿನ ಪದರ ಇದೆ. ಬಿದ್ದಾಗ ಅದೂ ಜಜ್ಜಿರುತ್ತದೆ. ಬೆಳಗ್ಗೆ ಎದ್ದು ಕಾಲಿಟ್ಟ ಕೂಡಲೇ ಜೀವ ಹೋದ ಹಾಗಾಗುತ್ತದೆ, ಹತ್ತು ಹೆಜ್ಜೆ ಹಾಕಿದ ಮೇಲೆ ಸಡಿಲ. ಮನೆಯೊಳಗೂ ಬರಿಗಾಲು ಬೇಡ. ಸವೆದ ಹವಾಯಿ ಚಪ್ಪಲಿಯೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು ತೆಗೆದುಕೊಳ್ಳಿ. ಹೊರಗೆ ಹೋಗಲು ಹಿಮ್ಮಡಿ ಮೆತ್ತಗಿರುವ, ಅಗಲವಾದ ಶೂ. ಹಿಮ್ಮಡಿ ಮೊದಲಿಗಿಂತ ಸ್ವಲ್ಪ ಅಗಲ ಆಗಿರುವುದರಿಂದ ಹಳೇ ಶೂ ಹಿಡಿಸದೇ ಇರಬಹುದು. ಸಂಜೆ ಹೊತ್ತಿಗೆ, ಬಾವು ಇರುವಾಗಲೇ ಹಾಕಿ ನೋಡಿ, ಆಮೇಲೆ ಹೊಸದನ್ನು ಕೊಳ್ಳಿ.

ಈಗ ತೋಟ. ಮೂರು ತಿಂಗಳಿಗೆ ನಡೆಯುತ್ತಾರೆ ಅಂದ ಕೂಡಲೇ ಮೂರು ತಿಂಗಳಿಗೆ ತೋಟಕ್ಕೆ ಹೋಗುತ್ತಾರೆ ಅಂತಲ್ಲ. ಕೂತು ಮಾಡುವ ಕೆಲಸದವರು ಬೇಗ ಮರಳುತ್ತಾರೆ. ಮೈಮುರಿದು ದುಡಿಯುವವರಿಗೆ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ, ಎಲ್ಲರೂ ಮೊದಲಿನಂತೆಯೇ ಆಗುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ. ನೆಲವನ್ನು ಹಂತ ಹಂತವಾಗಿ ಬದಲಿಸಿ. ಮೊದಲು ಮನೆಯ ಸಿಮೆಂಟ್ ನೆಲ. ಆಮೇಲೆ ಅಡಿಕೆ ಒಣಗಿಸುವ ಕಣ, ಅದು ಸಮತಟ್ಟು, ಎಡವಲು ಏನೂ ಇಲ್ಲ. ಆಮೇಲೆ ಊರ ರಸ್ತೆ. ಚೆಕಪ್ಪಿಗೆ ದಾವಣಗೆರೆಗೆ ಬಂದ ದಿನ ಗಾಜಿನ ಮನೆ ಪಾರ್ಕಿನ ದಾರಿಯಲ್ಲಿ ಒಂದು ಸುತ್ತು ಹಾಕಿಸಿ ನೋಡಿ. ತೋಟದ ಮೆತ್ತನೆ ಮಣ್ಣು ಕೊನೆಗೆ. ಅಲ್ಲಿ ಸಮಸ್ಯೆ ದೂರದ್ದಲ್ಲ. ನೀರು ಹಾಯಿಸಿದ ಮಣ್ಣು, ಬಿದ್ದ ಸೋಗೆ, ಹಾಳೆ, ಕಾಲಿಗೆ ಸಿಗುವ ಡ್ರಿಪ್ ಪೈಪು. ಕೆಳಗಿನ ಕೀಲು ಬಿಗಿದಿರುವವರ ಪಾದ ಇವುಗಳ ಮೇಲೆ ವಾಲುವುದಿಲ್ಲ, ಇಡೀ ಮನುಷ್ಯನೇ ವಾಲುತ್ತಾನೆ. ಹರಡು ಮುಚ್ಚುವ ಬೂಟು, ಕೈಯಲ್ಲೊಂದು ಕೋಲು ಇದ್ದರೆ ಐದಾರು ತಿಂಗಳಿಗೆ ಮೇಲ್ವಿಚಾರಣೆಗೆ ಹೋಗಬಹುದು. ಏಣಿ ಹತ್ತುವುದು, ಮೂಟೆ ಹೊರುವುದು ಆಮೇಲಿನ ಮಾತು. ಬಲಗಾಲೊಂದರ ಮೇಲೇ ನಿಂತು, ಗೋಡೆ ಹಿಡಿದು, ಹಿಮ್ಮಡಿ ಎತ್ತಿ ಹತ್ತು ಸಲ ತುದಿಗಾಲಲ್ಲಿ ನಿಲ್ಲಲು ಬಂದರೆ ಮೀನಖಂಡಕ್ಕೆ ಬಲ ಬಂದಿದೆ ಅಂತ ಅರ್ಥ. ಅದಕ್ಕೆ ಮೊದಲು ಬೇಡ. ಚಿತ್ರದುರ್ಗದವರು ಕೋಟೆ ಹತ್ತಬಹುದಾ ಅಂತ ಕೇಳುತ್ತಾರೆ. ಅವರಿಗೂ ಇದನ್ನೇ ಹೇಳುತ್ತೇನೆ, ಜೊತೆಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಅಂತ ಸೇರಿಸುತ್ತೇನೆ.

ಕೊಯ್ಲಿನ ಹೊತ್ತಿಗೆ ಕೂತಿರುವುದು ಮನಸ್ಸಿಗೆ ಕಷ್ಟ, ಗೊತ್ತು. ಸಿಡುಕುತ್ತಾರೆ. ಖೇಣಿ ಲೆಕ್ಕ, ಆಳಿನ ಲೆಕ್ಕ, ಅಡಿಕೆ ಆರಿಸುವುದು, ಇಂಥದ್ದು ಕೊಡಿ. ಮಂಚದ ಮೇಲೆ, ಕಾಲು ಚಾಚಿಕೊಂಡು. ಗಂಟೆಗೊಮ್ಮೆ ಕಾಲು ಎತ್ತಿಡಲಿ.

ಊಟದ ಬಗ್ಗೆ ಚುಟುಕಾಗಿ. ಮೂಳೆಗೆ ಬರೀ ಸುಣ್ಣದಂಶ ಸಾಲದು, ಪ್ರೋಟೀನ್ ಬೇಕು. ಕೆಜಿ ತೂಕಕ್ಕೆ ಒಂದು ಗ್ರಾಂ ಅಂತ ಲೆಕ್ಕ ಇಟ್ಟುಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಹುರುಳಿ, ಹೆಸರು, ಕಡಲೆ, ಮೊಸರು ದಿನಾ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಧಾನ್ಯಗಳಲ್ಲಿ ಅದೇ ಮುಂದೆ. ಆದರೆ ಸಕ್ಕರೆ ಇರುವುದರಿಂದ ಮುದ್ದೆ ಸಣ್ಣದಿರಲಿ, ಸಾರಿನಲ್ಲಿ ಕಾಳು ಜಾಸ್ತಿ ಇರಲಿ. ಕಾಲು ಸೂಪು ಕುಡಿದರೆ ಮೂಳೆ ಬೇಗ ಕೂಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ರುಚಿಗೆ ಕುಡಿಯಲಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕಮ್ಮಿ ಇದ್ದರೆ ಡಾಕ್ಟರು ಬರೆದಂತೆ ತೆಗೆದುಕೊಳ್ಳಲಿ.

ಬೈಕಿನಲ್ಲಿ ಹಿಂದಿನ ಬ್ರೇಕ್ ಇರುವುದು ಬಲಗಾಲಿಗೆ. ಆಪರೇಷನ್ ಆಗಿರುವುದೂ ಬಲಗಾಲೇ. ಪೂರ್ತಿ ಭಾರ ಹಾಕಿ ಕೋಲಿಲ್ಲದೆ ನಡೆಯಲು ಬಂದು, ನೋವಿಲ್ಲದೆ ತಟಕ್ಕನೆ ಬ್ರೇಕ್ ಒತ್ತಲು ಆಗುವವರೆಗೂ ಬೇಡ. ಹೆಚ್ಚಿನವರಿಗೆ ನಾಲ್ಕು ತಿಂಗಳಾದರೂ ಆಗುತ್ತದೆ. ನಿಲ್ಲಿಸಿದ ಬೈಕಿನ ಮೇಲೆ ಕೂತು ಮೊದಲು ಅಭ್ಯಾಸ ಮಾಡಲಿ.

ಕಿರುಬೆರಳಿನ ಕಡೆಯ ಜೋಮು ಗಾಯದ ಹತ್ತಿರ ಹಾದುಹೋಗುವ ಒಂದು ಸಣ್ಣ ನರದ್ದು. ಅದು ಎಳೆದುಕೊಂಡಿರುತ್ತದೆ. ತಿಂಗಳುಗಳಲ್ಲಿ ಕಮ್ಮಿ ಆಗುತ್ತದೆ, ಕೆಲವರಿಗೆ ಅಂಗೈಯಷ್ಟು ಜಾಗದಲ್ಲಿ ಉಳಿದೂ ಬಿಡುತ್ತದೆ. ನಡಿಗೆಗೆ ಅದರಿಂದ ತೊಂದರೆ ಇಲ್ಲ, ಆದರೆ ಅಲ್ಲಿ ಗಾಯ ಆಗಿದೆಯಾ ಅಂತ ದಿನಾ ಕಣ್ಣಲ್ಲಿ ನೋಡಬೇಕು. ಪ್ಲೇಟು ತೆಗೆಸಲೇಬೇಕು ಅಂತ ಇಲ್ಲ. ಶೂಗೆ ತಾಕಿ ನೋಯುತ್ತಿದ್ದರೆ, ಪಕ್ಕದ ಸ್ನಾಯುವಿಗೆ ಉಜ್ಜುತ್ತಿದ್ದರೆ, ಒಂದು ವರ್ಷ ಕಳೆದ ಮೇಲೆ ಯೋಚಿಸಬಹುದು. ಮತ್ತೆ ಅದೇ ತೆಳು ಚರ್ಮ ಕೊಯ್ಯಬೇಕು ಅನ್ನುವುದು ನೆನಪಿರಲಿ. ಮುಂದೆ ಒಂದೆರಡು ವರ್ಷಕ್ಕೆ ಕೆಳಗಿನ ಕೀಲು ಸವೆದು ನೋವು ಜೋರಾದರೆ ಆ ಕೀಲನ್ನೇ ಬೆಸೆಯುವ ಆಪರೇಷನ್ ಇದೆ. ಈಗಲೇ ಅದರ ಚಿಂತೆ ಬೇಡ.

ಆದರೆ ನೀವು ಪತ್ರದಲ್ಲಿ ಹಾಗೇ ಬರೆದು ಮುಂದೆ ಹೋದ ಸೊಂಟ ನೋವನ್ನು ನಾನು ಬಿಡುವುದಿಲ್ಲ. ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದವರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಬೆನ್ನುಮೂಳೆಯಲ್ಲೂ ಪೆಟ್ಟಾಗಿರುತ್ತದೆ, ಅದೂ ಸೊಂಟದ ಮೇಲ್ಭಾಗದಲ್ಲಿ. ಕಾಲಿನ ನೋವಿನ ಅಬ್ಬರದಲ್ಲಿ ಅದು ಮರೆಯಾಗುತ್ತದೆ. ಮಲಗಿ ಮಲಗಿ ಬಂದ ನೋವೇ ಇರಬಹುದು. ಬಿದ್ದ ದಿನ ಬೆನ್ನಿನ ಎಕ್ಸ್-ರೇ ತೆಗೆದಿದ್ದರಾ ಅಂತ ಫೈಲಿನಲ್ಲಿ ಹುಡುಕಿ. ಇಲ್ಲ ಅಂದರೆ ಆರನೇ ವಾರದ ಚೆಕಪ್ಪಿಗೆ ಕಾಯದೆ ಈ ವಾರವೇ ಹೋಗಿ ತೆಗೆಸಿ. ಕಾಲುಗಳಲ್ಲಿ ಬಲ ಕಮ್ಮಿ ಅನ್ನಿಸಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಹೊರಡಿ. ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಕರೆತನ್ನಿ, ಬಸ್ಸು ಬೇಡ.